ರೈಲು ನಿಲ್ದಾಣದ ಬಾಗಿಲಲ್ಲೇ ದಾಸೋಹ ಹೂಡಿದ ಪೇಟೆಯ ವ್ಯಾಪಾರಿ

ಗೋದಾಮು ಕಟ್ಟಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಆಗಿನ ಮೈಸೂರು ಸಂಸ್ಥಾನದಲ್ಲೇ ಸಿಗುತ್ತಿರಲಿಲ್ಲ. ಬೆಂಗಳೂರು ಸಿಟಿ ರೈಲು ನಿಲ್ದಾಣದ ಮಗ್ಗುಲಲ್ಲಿ, ರೈಲ್ವೆಯವರಿಂದಲೇ ಕೊಂಡ ಎರಡೂವರೆ ಎಕರೆ. ವರ್ಷ 1897. ನಿಲ್ದಾಣದಿಂದ ಮೈಸೂರಿಗೊಂದು ಹಳಿ. ತುಮಕೂರು, ಹರಿಹರ, ಹುಬ್ಬಳ್ಳಿ ದಾಟಿ ಪುಣೆಯ ತನಕ ಇನ್ನೊಂದು. ಹಿಂದೂಪುರದ ಮೇಲೆ ಹಾಯ್ದು ಗುಂತಕಲ್ಲಿಗೆ ಮತ್ತೊಂದು. ಬಂದ ಮೂಟೆ ಇಳಿಸಿಕೋ, ನಾಲ್ಕು ದಿನ ಇಟ್ಟುಕೋ, ದರ ಏರಿದ ಕೂಡಲೇ ಮಾರು! ಪೇಟೆಯ ಗದ್ದುಗೆಯ ಮೇಲೆ ಕೂತು ತಕ್ಕಡಿ ಹಿಡಿದವನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅದನ್ನು ಕೊಂಡವರು ಮಾಮೂಲ್‌ಪೇಟೆಯ ಪಳಗಿದ ವ್ಯಾಪಾರಿ. ವಯಸ್ಸು ಅರವತ್ತರ ಹತ್ತಿರ. ಅವರು ಅಲ್ಲಿ ಕಟ್ಟಿಸಿದ್ದು ಛತ್ರ. ರೈಲಿನಿಂದಿಳಿದ, ಗುರುತಿನವರಿಲ್ಲದ, ಯಾವ ಜಾತಿಯವರೆಂದು ಯಾರೂ ಕೇಳದ ಪರಸ್ಥಳದ ಪ್ರಯಾಣಿಕರು ಬಂದು ಮೈಚಾಚಲಿ ಎಂದು!

ಗುಬ್ಬಿ ತೋಟದಪ್ಪ. ಈ ಹೆಸರು ನಮ್ಮ ಕಲಬುರಗಿ ಮಂದಿಗೆ ಹೊಸದೇನಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯೆಲ್ಲ ಮಗ್ಗುಲು ಬದಲಿಸಿ, ಬೆಳಿಗ್ಗೆ ಕಣ್ಣುಜ್ಜುತ್ತ ಬೆಂಗಳೂರಲ್ಲಿ ಇಳಿದು ನಿಲ್ದಾಣದ ಹೊರಗೆ ಬಂದರೆ ಎದುರಿಗೇ ಗುಬ್ಬಿ ತೋಟದಪ್ಪ ರಸ್ತೆ. ಲಾಡ್ಜಿನ ಬೋರ್ಡಿನಲ್ಲಿ ಅದೇ ಹೆಸರು, ಪಾರ್ಸಲ್ ಚೀಟಿಯಲ್ಲಿ ಅದೇ ಹೆಸರು. ಓದಿ ಓದಿ ಅದೊಬ್ಬ ಮನುಷ್ಯನ ಹೆಸರು ಎಂಬುದೇ ಮರೆತುಹೋಗಿರುತ್ತದೆ. ಬ್ಯಾಗು ಹೆಗಲಿಗೇರಿಸಿ, ಆಟೋದವನ ಜೊತೆ ಚೌಕಾಶಿ ಮಾಡಿ ಮುಂದೆ ಹೋಗುತ್ತೇವೆ. ನಾನೂ ಹಾಗೇ ಹೋದವನು. ಆದರೆ ಆ ಬೋರ್ಡಿನ ಹಿಂದಿನ ಮನುಷ್ಯನ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡತೊಡಗಿದರೆ, ಏನ್ರೀ ಇದು, ಒಂದಿಡೀ ಶತಮಾನವೇ ಬಂದು ಅವರ ಅಂಗಡಿಯ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತದೆ!

ಅವರು ಹುಟ್ಟಿದ್ದು 1838ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ, ಒಂದು ವೀರಶೈವ ಲಿಂಗಾಯತ ಮನೆತನದಲ್ಲಿ. ಆ ವರ್ಷವನ್ನೇ ತುಸು ನೋಡಿ. 1838ರ ಜೂನ್ 28ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹತ್ತೊಂಬತ್ತರ ಹುಡುಗಿ ವಿಕ್ಟೋರಿಯಾಳ ತಲೆಗೆ ಕಿರೀಟವಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹಾಸಿದ ರೈಲು ದಾರಿ ಪೂರ್ತಿ ತೆರೆಯಿತು. ರಾಣಿಯ ಪಟ್ಟ, ದೂರದ ಊರುಗಳನ್ನು ಹೊಲಿಯುವ ರೈಲು, ಗುಬ್ಬಿಯ ಕೂಸು, ಮೂರೂ ಒಂದೇ ವರ್ಷದವು. ಆ ತೊಟ್ಟಿಲಿಗೂ ಆ ರೈಲಿಗೂ ಏನು ಸಂಬಂಧ ಎಂದು ಆಗ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದರು.

ಆಗಿನ ಮೈಸೂರು ಸೀಮೆಯಲ್ಲಿ ಮಹಾರಾಜರಿದ್ದರು, ಅಧಿಕಾರ ಇರಲಿಲ್ಲ. 1831ರಲ್ಲೇ ಕಂಪನಿ ಸರ್ಕಾರ ಆಡಳಿತವನ್ನು ಕೈಗೆ ತೆಗೆದುಕೊಂಡಿತ್ತು. 1834ರಿಂದ 1861ರವರೆಗೆ ಕಮಿಷನರ್ ಆಗಿ ಕೂತವರು ಮಾರ್ಕ್ ಕಬ್ಬನ್. ಕಚೇರಿಗಳು ಮೈಸೂರಿನಿಂದ ಬೆಂಗಳೂರಿಗೆ ಬಂದವು. ಕಚೇರಿ ಹೋದಲ್ಲಿಗೆ ವಕೀಲ, ವಕೀಲ ಹೋದಲ್ಲಿಗೆ ಸಾಹುಕಾರ, ಸಾಹುಕಾರ ಹೋದಲ್ಲಿಗೆ ಸರಕು. ನಮ್ಮ ಕಲಬುರಗಿ ಆಗ ಇನ್ನೊಂದೇ ಲೋಕ. ನಿಜಾಮರ ರಾಜ್ಯ, ಬೇರೆಯದೇ ನಾಣ್ಯ, ಪರ್ಷಿಯನ್ ಭಾಷೆಯ ಕಾಗದಪತ್ರ. ಬೆಂಗಳೂರೆಂದರೆ ಕಾಶಿಯಷ್ಟೇ ದೂರ.

ಗುಬ್ಬಿಯೂ ಸುಮ್ಮನೆ ಮೂಲೆಯ ಹಳ್ಳಿಯಲ್ಲ. ಅಡಿಕೆ, ಕೊಬ್ಬರಿಯ ವ್ಯಾಪಾರಕ್ಕೆ ಹೆಸರಾದ ಸಂತೆಯೂರು. (1884ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ನಾಟಕ ಕಂಪನಿಯೊಂದು ಮುಂದೆ ವೀರಣ್ಣನವರ ಕೈಯಲ್ಲಿ ಕನ್ನಡ ನಾಡನ್ನೇ ಕುಣಿಸಿತು. ಒಂದು ಸಣ್ಣ ಊರು ನಾಡಿಗೆ ಇಂಥ ಎರಡು ಹೆಸರು ಕೊಟ್ಟಿತಲ್ಲ ಎಂದು ನನಗೆ ಇವತ್ತಿಗೂ ಬೆರಗು.) ತೋಟದಪ್ಪನವರ ಮನೆಯವರು ಅಲ್ಲಿಂದ ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರಕ್ಕೆ ಕೂತರು.

ಪೇಟೆ ಎಂದರೆ ಸುಮ್ಮನೆ ಮಾರುಕಟ್ಟೆ ಅಂದುಕೊಳ್ಳಬೇಡಿ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ನಗರ್ತಪೇಟೆ, ಉಪ್ಪಾರಪೇಟೆ, ಕುಂಬಾರಪೇಟೆ! ಬೀದಿಗೊಂದು ಸರಕು, ಓಣಿಗೊಂದು ಕಸುಬು, ಕೆಳಗೆ ಅಂಗಡಿ, ಮೇಲೆ ಸಂಸಾರ. ಎತ್ತಿನ ಗಾಡಿ, ಕತ್ತೆಯ ಹೇರು ಬಂದು ನಿಲ್ಲುವ ಹೊತ್ತಿಗೆ ಒಳಗೆ ವ್ಯಾಪಾರ ಕುದುರುತ್ತಿರುತ್ತದೆ. ಇಂಥ ಓಣಿಗಳಲ್ಲಿ ಬೆಳೆದ ಹುಡುಗ ಓದುವುದು ಮನುಷ್ಯರನ್ನು. ಸರಕು ತಂದವನಿಗೆ ಕಾಸು ಎಣಿಸಿಕೊಟ್ಟದ್ದಾಯಿತು. ಅವನು ರಾತ್ರಿ ಎಲ್ಲಿ ಮಲಗುತ್ತಾನೆ? ಗುಡಿಯ ಜಗಲಿಯಲ್ಲೋ? ಗಾಡಿಯ ಕೆಳಗೋ? ನೆಂಟರಿದ್ದವರು ನೆಂಟರ ಮನೆಗೆ ಹೋದರು. ಇಲ್ಲದವರು?

ಇನ್ನು ರೈಲಿನ ಕತೆ. ಇಲ್ಲಿಂದ ನನಗೆ ಉಸಿರೇ ಸಾಲುವುದಿಲ್ಲ!

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಹಿಂದೂಸ್ತಾನದ ಮೊದಲ ಪ್ರಯಾಣಿಕರ ರೈಲು ಹೊರಟಾಗ ತೋಟದಪ್ಪನವರಿಗೆ ಹದಿನೈದರ ಆಸುಪಾಸು. 1864ರಲ್ಲಿ ಮದ್ರಾಸಿನ ಕಡೆಯಿಂದ ರೈಲು ಬೆಂಗಳೂರಿನ ದಂಡು ನಿಲ್ದಾಣಕ್ಕೆ ಬಂತು. ಅದು ಬ್ರಿಟಿಷರ ಪಾಳಯದ ಬಾಗಿಲು. ಪೇಟೆಯ ಮಂದಿಗೆ ಇನ್ನೂ ದೂರವೇ. 1871ರಲ್ಲಿ ಸೊಲ್ಲಾಪುರದ ಕಡೆಯಿಂದ ಬಂದ ಹಳಿ ನಮ್ಮ ಕಲಬುರಗಿಯನ್ನು ಹಾಯ್ದು ರಾಯಚೂರಿಗೆ ಮುಟ್ಟಿ, ಮದ್ರಾಸಿನಿಂದ ಬಂದ ಹಳಿಗೆ ಕೈಕೂಡಿಸಿತು. ಮುಂಬೈಯೂ ಮದ್ರಾಸೂ ನಮ್ಮ ತೊಗರಿ ಹೊಲಗಳ ನಡುವೆ ಹಾಯ್ದು ಒಂದಾದವು! 1874ಕ್ಕೆ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಮುಂದಿನ ದಶಕದಲ್ಲಿ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಬಟ್ಟೆಯ ಗಿರಣಿ ಕಲಬುರಗಿಯಲ್ಲಿ ಎದ್ದುನಿಂತಿತು. ಎಂ.ಎಸ್.ಕೆ. ಮಿಲ್ ಅಂದರೆ ಇವತ್ತಿಗೂ ಆಟೋದವರು ಸೀದಾ ಕರೆದೊಯ್ಯುತ್ತಾರೆ. ಹೊಗೆ, ಸೀಟಿ, ಪಾಳಿ, ಪಗಾರ, ಇವೆಲ್ಲ ನಮ್ಮ ಊರಿಗೆ ಬಂದದ್ದು ಅದೇ ರಾಣಿಯ ಕಾಲದಲ್ಲಿ, ಅದೇ ಹಳಿಯ ಗುಂಟ.

ನಡುವೆ ಆ ಭಯಂಕರ ಬರ. 1876ರಿಂದ 1878. ಮೈಸೂರು ಸೀಮೆಯಲ್ಲಿ 1871ರ ಜನಗಣತಿಗೆ ಐವತ್ತು ಲಕ್ಷಕ್ಕೂ ಹೆಚ್ಚು ಜನ. 1881ರ ಗಣತಿಗೆ ನಲವತ್ತೆರಡು ಲಕ್ಷವೂ ತುಂಬಲಿಲ್ಲ. ಓದುತ್ತಿರುವವರು ಈ ಎರಡು ಅಂಕಿಗಳ ನಡುವಿನ ಖಾಲಿ ಜಾಗವನ್ನು ತುಸು ಲೆಕ್ಕ ಹಾಕಿ. ಊರು ಊರೇ ಗುಳೆ ಎದ್ದು ಬೆಂಗಳೂರಿನ ಬೀದಿಗೆ ಬಂದು ಬಿದ್ದ ಕಾಲ ಅದು. ನಲವತ್ತರ ಹೊಸ್ತಿಲಲ್ಲಿದ್ದ ಒಬ್ಬ ಪೇಟೆಯ ವ್ಯಾಪಾರಿ ಅದನ್ನು ಅಂಗಡಿಯ ಬಾಗಿಲಿನಿಂದಲೇ ನೋಡಿರಬೇಕು. ಬರಗಾಲದ ಕೂಲಿ ಕೆಲಸವೆಂದೇ ಶುರುವಾದ ಮೈಸೂರು ಹಳಿ 1880ರ ದಶಕದ ಆರಂಭಕ್ಕೆ ಮುಗಿಯಿತು, ಪೇಟೆಯ ಪಕ್ಕದಲ್ಲೇ ಸಿಟಿ ನಿಲ್ದಾಣ ಎದ್ದಿತು. ಬೆನ್ನಿಗೇ ತುಮಕೂರಿನ ಕಡೆಗೂ ಹಳಿ ಹರಿಯಿತು. ಎಲ್ಲಿಗೆ ಮುಟ್ಟಿತು ಹೇಳಿ? ಗುಬ್ಬಿಗೆ! ಗಾಡಿಯ ಜಾಡು ಹಿಡಿದು ಬಂದ ಮನೆತನದ ಹುಟ್ಟೂರಿಗೆ ಈಗ ಟಿಕೆಟ್ ತೆಗೆದು ಹೋಗಬಹುದು.

1890ರ ದಶಕದಲ್ಲಿ ಗುಂತಕಲ್-ಹಿಂದೂಪುರ-ಬೆಂಗಳೂರು ಹಳಿಯೂ ತೆರೆಯಿತು. ಅದನ್ನು ಓದಿದಾಗ ಕುರ್ಚಿ ಬಿಟ್ಟು ಎದ್ದುನಿಂತೆ. ಯಾಕೆಂದರೆ ಅದು ನಮ್ಮ ದಾರಿ! ಕಲಬುರಗಿಯಲ್ಲಿ ಹತ್ತಿ, ವಾಡಿ, ರಾಯಚೂರು ದಾಟಿ, ಗುಂತಕಲ್ಲಿನಲ್ಲಿ ದೊಡ್ಡ ಗಾಡಿಯಿಂದಿಳಿದು ಗಂಟು ಹೊತ್ತು ಮೀಟರ್ ಗೇಜಿನ ಸಣ್ಣ ಗಾಡಿ ಹತ್ತಿದರೆ ಸೀದಾ ಬೆಂಗಳೂರು ಸಿಟಿ. ನಿಜಾಮರ ಪ್ರಜೆಯೊಬ್ಬ ಮೈಸೂರು ಮಹಾರಾಜರ ಪಟ್ಟಣದಲ್ಲಿ ಹೀಗೆ ಬಂದಿಳಿಯಬಹುದಾದ ಕೆಲವೇ ವರ್ಷಗಳಲ್ಲಿ ತೋಟದಪ್ಪನವರು ಆ ನಿಲ್ದಾಣದ ಪಕ್ಕದ ಜಾಗಕ್ಕೆ ಹಣ ಕಟ್ಟಿದರು. ಎಂಥ ಕಣ್ಣು ಅದು! ಹೊಸ ಹಳಿ ಬಂದಾಗ ಪೇಟೆಯವರಿಗೆ ಕಂಡದ್ದು ಮೂಟೆಗಳು. ಇವರಿಗೆ ಕಂಡದ್ದು ಮೂಟೆಯ ಹಿಂದೆ ಇಳಿಯುವ ಮನುಷ್ಯ.

ದಂಪತಿಗೆ ಮಕ್ಕಳಿರಲಿಲ್ಲ. ಆ ಕಾಲದ ಹಣವಂತರಿಗೆ ಇದಕ್ಕೆ ಸಿದ್ಧ ಪರಿಹಾರವೊಂದಿತ್ತು. ದಾಯಾದಿಗಳಲ್ಲಿ ಒಂದು ಗಂಡುಕೂಸು ನೋಡಿ ದತ್ತು ತೆಗೆದುಕೊಳ್ಳುವುದು, ಅಂಗಡಿಯ ಬೀಗದ ಕೈ ಅವನ ಸೊಂಟಕ್ಕೆ ಕಟ್ಟುವುದು. ತೋಟದಪ್ಪನವರು ಆಸ್ತಿಯನ್ನೆಲ್ಲ ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಎತ್ತಿಟ್ಟು 1897ರಲ್ಲಿ ಧರ್ಮಸಂಸ್ಥೆ ಕಟ್ಟಿದರು. ಇದೇ ಹೊತ್ತಿಗೆ ಸವದತ್ತಿ ಕಡೆಯ ಶಿರಸಂಗಿಯಲ್ಲಿ ಇನ್ನೊಬ್ಬರಿದ್ದರು, ಲಿಂಗರಾಜ ದೇಸಾಯಿ. ದೇಸಗತಿಯ ಒಡೆಯರು. 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ಮಕ್ಕಳ ಓದಿಗೆ ಬರೆದುಕೊಟ್ಟವರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅಂತೊಬ್ಬರು. 1864ರಿಂದ 1868ರ ನಡುವೆ ಎದ್ದ ಕೆಂಪು ಅಠಾರಾ ಕಚೇರಿಯ ಕಟ್ಟೋಣಕ್ಕೆ ಕೈಹಾಕಿದವರು, 1873ರಲ್ಲಿ ಬಡವರ ಮಕ್ಕಳಿಗೆ ಶಾಲೆ ತೆರೆದವರು. ಹುಡುಕುತ್ತ ಹೋದರೆ ವಿಕ್ಟೋರಿಯಾ ರಾಣಿಯ ಕಾಲದ ನಮ್ಮ ನಾಡಿನಲ್ಲಿ ಎಷ್ಟೊಂದು ಜನ!

ವಿಲಾಯತಿಯಲ್ಲೂ ಇದ್ದರು. ಬ್ರಾಡ್‌ಫರ್ಡ್ ಹತ್ತಿರ ಟೈಟಸ್ ಸಾಲ್ಟ್ ಎಂಬ ಉಣ್ಣೆ ಗಿರಣಿಯ ಧಣಿ 1853ರಲ್ಲಿ ಗಿರಣಿ ತೆರೆದು, ಸುತ್ತ ಕೆಲಸಗಾರರಿಗೆಂದು ಸಾಲ್ಟೇರ್ ಎಂಬ ಊರನ್ನೇ ಕಟ್ಟಿಸಿದ. ಲಂಡನ್ನಿನಲ್ಲಿ ವ್ಯಾಪಾರ ಮಾಡುತ್ತಿದ್ದ ಅಮೆರಿಕದ ಜಾರ್ಜ್ ಪೀಬಡಿ 1862ರಲ್ಲಿ ದುಡಿಯುವ ಬಡವರ ವಸತಿಗೆ ನಿಧಿ ಇಟ್ಟ. ದೊಡ್ಡ ಮನಸ್ಸು, ಅನುಮಾನವಿಲ್ಲ. ಆದರೂ ನನ್ನ ತೂಕದಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಸಾಲ್ಟ್ ಮನೆ ಕೊಟ್ಟದ್ದು ತನ್ನ ಗಿರಣಿಗೆ ದುಡಿಯುವವರಿಗೆ. ಬೆಳಿಗ್ಗೆ ಅವರು ಅವನ ಮಗ್ಗದ ಮುಂದೆ ಹಾಜರಿರಬೇಕು. ತೋಟದಪ್ಪನವರ ಛತ್ರದಲ್ಲಿ ಮಲಗಿದವರು ಬೆಳಿಗ್ಗೆ ಎದ್ದು ಹೊರಟುಹೋಗುವವರು. ಮತ್ತೆ ಮುಖ ತೋರಿಸದವರು. ಅವರಿಂದ ಬರಬೇಕಾದ್ದು ಏನೂ ಇಲ್ಲ.

1897ನ್ನೇ ಮತ್ತೊಂದು ಸಲ ತಿರುಗಿಸಿ ನೋಡಿ. ಅದು ರಾಣಿಯ ಆಳ್ವಿಕೆಗೆ ಅರವತ್ತು ತುಂಬಿದ ವರ್ಷ. ವಜ್ರಮಹೋತ್ಸವ! ಆ ಜೂನ್ 22ರಂದು ಬೆಂಗಳೂರಿನ ಕೋಟೆಯ ಬಳಿ, ಎಳೆಯ ಮಹಾರಾಜರ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಇಟ್ಟರು. ಊರಿನ ಒಂದು ಕೊನೆಗೆ ಸಾಮ್ರಾಜ್ಞಿಯ ಹೆಸರಿನ ಆಸ್ಪತ್ರೆ, ಇನ್ನೊಂದು ಕೊನೆಗೆ ವ್ಯಾಪಾರಿಯ ಛತ್ರ, ಎರಡರದ್ದೂ ಒಂದೇ ವರ್ಷ.

ಆಮೇಲೆ ಬಂತು ನೋಡಿ, ಮಹಾಮಾರಿ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಹೇಗೆ ಕಾಲಿಟ್ಟಿತು? ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ! ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಇಲಿ ಬಿದ್ದ ಮನೆಗಳಿಗೆ ಬೀಗ ಬಿತ್ತು, ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಹೊಸದಾಗಿ ಗೆರೆ ಎಳೆದಿದ್ದ ಬಸವನಗುಡಿ, ಮಲ್ಲೇಶ್ವರಗಳಿಗೆ ಇದ್ದಕ್ಕಿದ್ದಂತೆ ಜೀವ ಬಂತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಅನುಮಾನ ಬಂದವರನ್ನು ಬೇರೆ ಇಡುವ ಕ್ಯಾಂಪು. ಪರಊರಿನಿಂದ ಬಂದವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಕಾಲ. ಸ್ವಂತ ಭಾವ ಬಂದರೂ ಜಗಲಿಯ ಮೇಲೇ ಮಾತಾಡಿಸಿ ಕಳಿಸುವ ಕಾಲ. ಕೋವಿಡ್ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷಗಳಲ್ಲೇ, ರೋಗ ಬಂದಿಳಿದ ಆ ನಿಲ್ದಾಣದ ಪಕ್ಕದಲ್ಲೇ, ಊರು ಯಾರಿಗೆ ಹೆದರುತ್ತಿತ್ತೋ ಅವರಿಗೆಂದೇ ಒಬ್ಬ ಮನುಷ್ಯ ಮನೆ ಕಟ್ಟಿಸುತ್ತಿದ್ದ! ಕೆಲಸ ನಿಲ್ಲಿಸಿದ್ದರೆ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಜಾಗವನ್ನು ಒಳ್ಳೆಯ ಬೆಲೆಗೆ ಮಾರಿ, ಆ ದುಡ್ಡಿನಲ್ಲಿ ಗುಬ್ಬಿಯಲ್ಲೊಂದು ಮಂಟಪ ಕಟ್ಟಿಸಿದ್ದರೂ ಪುಣ್ಯಾತ್ಮ ಅನ್ನುತ್ತಿದ್ದರು. ಛತ್ರ ಎದ್ದೇ ಎದ್ದಿತು.

1903ರ ಫೆಬ್ರುವರಿ 11. ಬಾಗಿಲು ತೆರೆಯಲು ಬಂದವರು ಯಾರು? ನಾಲ್ವಡಿ ಕೃಷ್ಣರಾಜ ಒಡೆಯರು! ಹತ್ತೊಂಬತ್ತು ಇನ್ನೂ ತುಂಬದ ಮಹಾರಾಜ. ಹಿಂದಿನ ವರ್ಷದ ಆಗಸ್ಟಿನಲ್ಲಷ್ಟೇ ವೈಸರಾಯ್ ಕರ್ಜನ್ನರ ಸಮ್ಮುಖದಲ್ಲಿ ಪೂರ್ಣಾಧಿಕಾರ ವಹಿಸಿಕೊಂಡವರು. ಅರಮನೆಯ ಸಾರೋಟು ಅವತ್ತು ರೈಲು ನಿಲ್ದಾಣದ ಬದಿಗೆ ಬಂದು ನಿಂತದ್ದು ಒಬ್ಬ ಪೇಟೆಯ ವ್ಯಾಪಾರಿಯ ಹೊಸ್ತಿಲಲ್ಲಿ. ಬೆಂಗಳೂರಿಗೆ ಹೆಸರಘಟ್ಟದಿಂದ ನಲ್ಲಿ ನೀರು ಬಂದು ಏಳು ವರ್ಷವಾಗಿತ್ತು. ವಿದ್ಯುದ್ದೀಪ ಬರಲಿಕ್ಕೆ ಇನ್ನೂ ಎರಡು ವರ್ಷವಿತ್ತು. ಅಂದರೆ ಆ ಛತ್ರದ ಮೊದಲ ರಾತ್ರಿಗಳು ಎಣ್ಣೆ ದೀಪದ ಬೆಳಕಿನವು. ರಾತ್ರಿ ಗಾಡಿಯಿಂದಿಳಿದ ಹಳ್ಳಿಯವನಿಗೆ ಕತ್ತಲಿನ ಆ ಪಟ್ಟಣದಲ್ಲಿ ಹತ್ತು ಹೆಜ್ಜೆಗೇ ಒಂದು ದೀಪ, ಒಂದು ಬಾಗಿಲು.

ಬಿರುದುಗಳು ಬಂದವು. ಮಹಾರಾಜರು ಕೊಟ್ಟದ್ದು ‘ಧರ್ಮಪ್ರವರ್ತ’. ಬ್ರಿಟಿಷರು ಕೊಟ್ಟದ್ದು ‘ರಾವ್ ಬಹದ್ದೂರ್’. ಇವೆರಡನ್ನೂ ಮುಂದಿಟ್ಟುಕೊಂಡು ಸಂಸ್ಥೆಯ ಹೆಸರು ಎಷ್ಟು ಉದ್ದವಾಯಿತೆಂದರೆ ಬೋರ್ಡು ಬರೆಯುವವನಿಗೆ ಅವತ್ತು ಡಬಲ್ ಕೂಲಿ ಕೊಟ್ಟಿರಬೇಕು: ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪ ಚಾರಿಟೀಸ್. ಜನ ಅಷ್ಟುದ್ದ ಹೇಳುವ ಗೋಜಿಗೆ ಹೋಗಲಿಲ್ಲ. ‘ತೋಟದಪ್ಪನ ಛತ್ರ’, ಅಷ್ಟೇ. ಏಕವಚನದಲ್ಲೇ, ನಮ್ಮವನೆಂಬ ಸಲುಗೆಯಲ್ಲಿ.

1910ರಲ್ಲಿ ತೀರಿಕೊಂಡರು. ರಾಣಿ ಹೋದ ಮೇಲೂ ಒಂಬತ್ತು ವರ್ಷ ಬಾಳಿದರು. ಹೋಗುವ ಮುನ್ನ ಮಾಡಿದ ಒಂದು ಕೆಲಸದಲ್ಲಿ ಮಾತ್ರ ಪಕ್ಕಾ ವ್ಯಾಪಾರಿ ಬುದ್ಧಿ ಹೊಳೆಯುತ್ತದೆ. ಧರ್ಮಸಂಸ್ಥೆಗಳು ಹಾಳಾಗುವುದು ಹೇಗೆ? ಕಟ್ಟಿಸಿದವರು ಕಣ್ಣು ಮುಚ್ಚಿದ ಮರುವರ್ಷ ಬಾಡಿಗೆ ಎಲ್ಲಿ ಹೋಯಿತೆಂದು ಕೇಳುವವರಿರುವುದಿಲ್ಲ, ಮೂರನೇ ವರ್ಷ ನೆಂಟರ ಸಂಸಾರ ಒಳಗೆ ಬಂದಿರುತ್ತದೆ. ಇದು ಎಲ್ಲ ಊರಿನ ಕತೆ, ನಮ್ಮೂರಿನದೂ ಹೌದು. ತೋಟದಪ್ಪನವರು ಸಂಸ್ಥೆಯ ಚುಕ್ಕಾಣಿಯನ್ನು ಕೊಟ್ಟದ್ದು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಕೈಗೆ. ಸಂಸ್ಥಾನದ ದೊಡ್ಡ ಅಧಿಕಾರಿ, ಮುಂದೆ ಬೆಂಗಳೂರು ಮುನಿಸಿಪಾಲಿಟಿಯ ಅಧ್ಯಕ್ಷ, ‘ಸರ್’ ಪದವಿ ಪಡೆದವರು. ಜೆ.ಸಿ. ರಸ್ತೆಯ ತುದಿಯಲ್ಲಿ ಕಂಬಗಳ ಸಾಲಿನ ಪುರಭವನ ಇದೆಯಲ್ಲ, 1935ರದ್ದು, ಅದು ಅವರದೇ ಹೆಸರಿನದು. ಸರಕು ಸಾಗಿಸುವ ಮುಂಚೆ ಗಾಡಿಯ ಎತ್ತನ್ನು ಆರಿಸುವ ಹಾಗೆ, ಪುಣ್ಯವನ್ನು ಸಾಗಿಸಲಿಕ್ಕೂ ಹೆಗಲು ನೋಡಿ ಆರಿಸಿದರು!

ಈಗ ವಿದ್ಯಾರ್ಥಿಗಳ ಕಡೆ. ಛತ್ರ ಎಲ್ಲ ಜಾತಿಯವರಿಗೆ ತೆರೆದಿತ್ತು. ಉಚಿತ ವಿದ್ಯಾರ್ಥಿ ನಿಲಯ ಹುಟ್ಟಿದ್ದು ವೀರಶೈವ ಲಿಂಗಾಯತ ಹುಡುಗರಿಗಾಗಿ. ಇವತ್ತಿನ ಕಣ್ಣಿಗೆ ಇದು ಕಿರಿದಾಗಿ ಕಾಣಬಹುದು, ನನಗೂ ಮೊದಲು ಹಾಗೇ ಕಂಡಿತು. ಆದರೆ ಆ ಕಾಲದ ಕಾಲೇಜನ್ನು ನೆನೆಯಿರಿ. ಹಳ್ಳಿಯ ಒಕ್ಕಲು ಮಕ್ಕಳಿಗೆ, ಪೇಟೆಯ ವ್ಯಾಪಾರಿಗಳ ಮಕ್ಕಳಿಗೆ ಇಂಗ್ಲಿಷ್ ಓದು ಇನ್ನೂ ದೂರದ ಬೆಟ್ಟ. ಸಂಸ್ಥಾನದ ಸರ್ಕಾರಿ ನೌಕರಿಗಳಲ್ಲಿ ಒಂದೇ ವರ್ಗದವರು ತುಂಬಿಕೊಂಡದ್ದನ್ನು ವಿಚಾರಿಸಲಿಕ್ಕೆ ನಾಲ್ವಡಿಯವರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದೇ 1918ರಲ್ಲಿ. ಫೀಜಿಗೆ ಹೇಗೋ ದುಡ್ಡು ಹೊಂದಿಸಿದ ಹುಡುಗ ಸೋಲುತ್ತಿದ್ದದ್ದು ಎಲ್ಲಿ? ಊಟದಲ್ಲಿ, ವಸತಿಯಲ್ಲಿ. ವಾರಾನ್ನ ಹಾಕುವ ಮನೆ ಯಾವುದು, ಒಳಗೆ ಬಿಟ್ಟುಕೊಳ್ಳುವ ಓಣಿ ಯಾವುದು? ಬೇರೆ ಬೇರೆ ಸಮಾಜದವರು ತಂತಮ್ಮ ಮಕ್ಕಳಿಗೆ ಹಾಸ್ಟೆಲ್ ಕಟ್ಟತೊಡಗಿದ್ದು ಆ ಸಂಕಟದಿಂದ. ಮಿಲ್ಲರ್ ಸಮಿತಿ ಕೂರುವುದಕ್ಕೆ ಎಷ್ಟೋ ಮೊದಲೇ, ಸಮಿತಿಯಿಲ್ಲದೆ ವರದಿಯಿಲ್ಲದೆ, ತೋಟದಪ್ಪನವರಿಗೆ ರೋಗ ಗೊತ್ತಾಗಿತ್ತು.

ಇನ್ನು ಹೇಳುವ ಸಂಗತಿ ಗೊತ್ತಾದ ದಿನ ನಾನು ಮನೆಮಂದಿಗೆಲ್ಲ ಫೋನು ಮಾಡಿದ್ದೆ!

1920ರ ದಶಕದ ಕೊನೆಯಲ್ಲಿ ಮಾಗಡಿ ಕಡೆಯ ವೀರಾಪುರದ ಹುಡುಗನೊಬ್ಬ ಮೆಟ್ರಿಕ್ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದ. ಹೆಸರು ಶಿವಣ್ಣ. ಭೌತವಿಜ್ಞಾನ, ಗಣಿತ ಅಂತ ಓದು. ಉಳಿದುಕೊಂಡದ್ದು ತೋಟದಪ್ಪನವರ ವಿದ್ಯಾರ್ಥಿ ನಿಲಯದಲ್ಲಿ. ಪದವಿ ಮುಗಿಯಲಿಲ್ಲ. 1930ರಲ್ಲಿ ಸಿದ್ಧಗಂಗೆಯ ಉದ್ದಾನ ಶಿವಯೋಗಿಗಳು ಆ ಹುಡುಗನನ್ನು ತಮ್ಮ ಉತ್ತರಾಧಿಕಾರಿ ಎಂದು ಕರೆದುಬಿಟ್ಟರು. ಆಮೇಲಿನದು ನಾಡಿಗೇ ಗೊತ್ತು. ಶಿವಕುಮಾರ ಸ್ವಾಮೀಜಿ! 2019ರ ಜನವರಿಯಲ್ಲಿ ಶಿವೈಕ್ಯರಾಗುವವರೆಗೆ ಎಂಟು ದಶಕಗಳಿಗೂ ಮೀರಿ, ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ. ಪದವಿ ಬಿಟ್ಟು ಎದ್ದುಹೋದ ಒಬ್ಬ ಹಾಸ್ಟೆಲ್ ಹುಡುಗ ಊರಷ್ಟು ದೊಡ್ಡ ಹಾಸ್ಟೆಲ್ ಕಟ್ಟಿಬಿಟ್ಟರು. ಸ್ವಾಮೀಜಿಯ ದಾಸೋಹಕ್ಕೆ ಬೇರು ಹನ್ನೆರಡನೇ ಶತಮಾನದ ಶರಣರಲ್ಲಿದೆ, ಮಠದ ಪರಂಪರೆಯಲ್ಲಿದೆ. ಅದಕ್ಕೆಲ್ಲ ಛತ್ರವೇ ಕಾರಣ ಎಂದು ಹೇಳುವಷ್ಟು ಹುಚ್ಚು ನನಗಿಲ್ಲ. ಆದರೂ ಮಾಮೂಲ್‌ಪೇಟೆಯ ತಕ್ಕಡಿಯಲ್ಲಿ ತೂಗಿದ ದುಡ್ಡು ಆ ಹುಡುಗನ ತಟ್ಟೆಗೆ ಅನ್ನವಾಗಿ ಬಿದ್ದಿತ್ತಲ್ಲ!

ಕಲಬುರಗಿಯವರಿಗೆ ದಾಸೋಹದ ಪಾಠ ಯಾರೂ ಹೇಳಬೇಕಾಗಿಲ್ಲ. ಅರಳಗುಂಡಗಿಯಿಂದ ಬಂದ ಶರಣಬಸವೇಶ್ವರರ ಊರು ಇದು. 1822ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಇಲ್ಲಿ ಒಲೆ ಆರಿಲ್ಲ. ಜೋಳದ ಹೊಲಕ್ಕೆ ಬಂದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸದೆ, ತಿಂದಾದ ಮೇಲೆ ಕುಡಿಯಲೆಂದು ನೀರಿನ ಗಡಿಗೆ ಇಟ್ಟರಂತೆ. ಈ ಕತೆ ಕೇಳದೆ ನಮ್ಮ ಕಡೆ ಯಾವ ಕೂಸೂ ನಿದ್ದೆ ಹೋಗಿಲ್ಲ. ಅದೇ ಪೀಠದ ದೊಡ್ಡಪ್ಪ ಅಪ್ಪನವರು ದಾಸೋಹವನ್ನು ಊಟದ ಪಂಕ್ತಿಯಿಂದ ಶಾಲೆಯ ಬೆಂಚಿಗೆ ಒಯ್ದರು, ನಿಜಾಮರ ಕಾಲದಲ್ಲೇ ಹೆಣ್ಣುಮಕ್ಕಳ ಓದಿಗೆ ಬಾಗಿಲು ತೆರೆದರು. ನಮ್ಮಲ್ಲಿ ಹೊಲದಿಂದ ಹುಟ್ಟಿದ್ದು ಅಲ್ಲಿ ಅಂಗಡಿಯಿಂದ ಹುಟ್ಟಿತು. ಒಬ್ಬರು ಹಕ್ಕಿ ಬರುವ ಜಾಗ ನೋಡಿ ನೀರಿಟ್ಟರು, ಇನ್ನೊಬ್ಬರು ರೈಲು ಬರುವ ಜಾಗ ನೋಡಿ ಮನೆ ಕಟ್ಟಿಸಿದರು.

ಈಗ ಆ ರಸ್ತೆಯಲ್ಲಿ ನಿಂತರೆ ಎದುರಿಗೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ. ಒಂದು ಕಾಲಕ್ಕೆ ಅದು ಧರ್ಮಾಂಬುಧಿ ಕೆರೆ. ಕೆರೆ ಬತ್ತಿ ಬಸ್ಸು ಬಂದವು, ನೆಲದ ಕೆಳಗೆ ಮೆಟ್ರೊ ಬಂತು, ರೈಲು ನಿಲ್ದಾಣದ ಹೆಸರು ಸಂಗೊಳ್ಳಿ ರಾಯಣ್ಣನದಾಯಿತು. ಸುತ್ತಲಿನ ಜಾಗಕ್ಕೆ ಇವತ್ತು ಏನು ಬೆಲೆಯೋ, ಬಿಲ್ಡರುಗಳ ಕನಸಿನಲ್ಲಿ ಬರುವಂಥದ್ದು. ಅದರ ನಡುವೆ ತೋಟದಪ್ಪನವರ ಸಂಸ್ಥೆ ಇನ್ನೂ ಬದುಕಿದೆ. ನೂರಿಪ್ಪತ್ತು ವರ್ಷ ದಾಟಿ!

ಇದನ್ನೆಲ್ಲ ನಾನು ಉಸಿರು ಬಿಡದೆ ಹೇಳಿದ್ದು ಕಮಲಾಪುರದ ನಮ್ಮ ಕಾಕಾನ ಮುಂದೆ. ಕಮಲಾಪುರ ಗೊತ್ತಲ್ಲ? ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ, ಕೆಂಬಾಳೆಗೆ ಹೆಸರಾದ ಊರು. ಕೆಂಪು ಸಿಪ್ಪೆಯ ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಕಲಬುರಗಿಗೆ 1871ರಲ್ಲೇ ರೈಲು ಬಂದರೂ ಪಕ್ಕದ ಕಮಲಾಪುರದವರು ಅದರ ಸೀಟಿಯನ್ನು ತಮ್ಮೂರಲ್ಲಿ ಕೇಳಲು 2017ರ ಅಕ್ಟೋಬರ್ 29ರವರೆಗೆ ಕಾದರು. ಮರಗುತ್ತಿಯ ಗುಡ್ಡ ಕೊರೆದು ಸುರಂಗ ಮಾಡಿ ಬೀದರ್-ಕಲಬುರಗಿ ಹಳಿ ತೆರೆದದ್ದು ಅವತ್ತು. ಈಗ ಕಮಲಾಪುರದ ನಿಲ್ದಾಣದಲ್ಲಿ ಹತ್ತಿ, ಕಲಬುರಗಿಯಲ್ಲಿ ಗಾಡಿ ಬದಲಿಸಿದರೆ ಮರುದಿನ ಬೆಳಿಗ್ಗೆ ತೋಟದಪ್ಪನವರ ರಸ್ತೆಯಲ್ಲಿ ಇಳಿಯಬಹುದು.

ಕಾಕಾ ಬಾಳೆಯ ಗೊನೆಗಳನ್ನು ಟೆಂಪೋಕ್ಕೆ ಏರಿಸುವವರ ಮೇಲೆ ಒಂದು ಕಣ್ಣಿಟ್ಟುಕೊಂಡೇ ಎಲ್ಲ ಕೇಳಿದ. ರಾಣಿಯ ಪಟ್ಟಕ್ಕೆ ತಲೆ ಎತ್ತಲಿಲ್ಲ. ಪ್ಲೇಗಿನ ಕತೆಗೆ ‘ಅಯ್ಯ ಶಿವನೇ’ ಅಂದ. ಸಿದ್ಧಗಂಗೆಯ ಸ್ವಾಮಿಗಳ ಹೆಸರು ಬಂದಾಗ ಎರಡೂ ಕೈ ಜೋಡಿಸಿದ.

“ಕಾಕಾ, ನೀ ನಂಬ್ತಿಯೋ ಇಲ್ಲೋ, ದತ್ತು ಸೈತ ತಗೋಲಿಲ್ಲ ಅವ್ರು. ಎಲ್ಲಾ ಬಂದೋರಿಗೇ ಬಿಟ್ಟುಕೊಟ್ರು!”

“ನಂಬಲಾರದ್ದು ಏನದ ಅದ್ರಾಗ,” ಅಂದ ಕಾಕಾ. “ನಮ್ಮ ಸೋದರಮಾವ ನೌಕರಿ ಇಂಟರ್‌ವ್ಯೂಕ್ಕ ಹೋದಾಗ ಅಲ್ಲೇ ಇಳದಿದ್ದ. ಬೆಂಗ್ಳೂರಾಗ ಯಾರೂ ಇಲ್ಲಂತ ಅವ್ನ ಅವ್ವ ಅಳ್ಲಾಕತ್ತಿದ್ಳು. ತೋಟದಪ್ಪ ಇದ್ದಾನ ಬಿಡ್ರಿ ಅಂದಿದ್ರಂತ ಊರಾನ ಮಾಸ್ತರು.”

ನಾನು ಬಾಯಿ ತೆರೆಯುವುದರೊಳಗೆ ಟೆಂಪೋದವನಿಗೆ ಒಂದು ಬೈಗುಳ ಕೊಟ್ಟು, ಕಾಕಾ ನನ್ನ ಕಡೆ ತಿರುಗಿದ.

“ಅದಿರ್ಲಿ. ಅಲ್ಲಿ ರೂಮು ಸಿಗಬೇಕಂದ್ರ ಮೊದ್ಲೇ ಹೇಳ್ಬೇಕೋ, ಹೋಗಿ ನಿಂತ್ರ ಕೊಡ್ತಾರೋ? ಮೊಮ್ಮಗಳದು ಮುಂದಿನ ತಿಂಗಳು ಬೆಂಗ್ಳೂರಾಗ ಪರೀಕ್ಷಾ ಅದ.”